ಒಂದು ಮರಿಯೋ, ಎರಡೋ? ಲೆಕ್ಕ ಶುರುವಾಗೋದು ಕುರಿಯ ಅಂಡಾಶಯದಲ್ಲಿ

ಬಂಟ್ವಾಳ: ಬಿ.ಸಿ.ರೋಡ್, ಗುರುವಾಯನಕೆರೆ, ಮೂಡುಬಿದಿರೆ ಎಲ್ಲೇ ಇರಲಿ, ಮಟನ್ ಅಂಗಡಿಗೆ ಬರುವ ಕುರಿ ಹೆಚ್ಚಾಗಿ ಘಟ್ಟದ ಮೇಲಿನದ್ದೇ. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜರಿದರೆ ಲೋಡ್ ತಡ, ದರ ಮೇಲೆ. 2019ರ ಜಾನುವಾರು ಗಣತಿ ಪ್ರಕಾರ ರಾಜ್ಯದಲ್ಲಿ 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ನಮ್ಮದೇ ಮೂರನೇ ಸ್ಥಾನ. ಆದರೆ ಕರಾವಳಿಯ ಪಾಲು ತೀರಾ ಕಡಿಮೆ.

ಹಾಗಾದರೆ ಇಲ್ಲೇ ಸಾಕಿದರೆ ಏನು ಅಂತ ಶೆಡ್ ಹಾಕಲು ಹೊರಟವರಿಗೆ ಮೊದಲು ಕೇಳುವ ಮಾತು, "ಇದು ಎರಡು ಮರಿ ಹಾಕುವ ತಳಿ". ಈ ಮಾತಿನಲ್ಲಿ ಎಷ್ಟು ನಿಜ ಅಂತ ತಿಳಿಯಬೇಕಾದರೆ ಕುರಿಯ ಅಂಡಾಶಯದ ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು.

ಗುಳ್ಳೆಯೊಳಗಿನ ನೀರು

ಹೆಣ್ಣು ಕುರಿ ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಸಾವಿರಾರು ಅಂಡಾಣುಗಳಿರುತ್ತವೆ. ಸುಮಾರು 17 ದಿನಕ್ಕೊಮ್ಮೆ ಬರುವ ಬೆದೆಯ ಚಕ್ರದಲ್ಲಿ ಕೆಲವು ಅಂಡಾಣುಗಳ ಸುತ್ತ ನೀರು ತುಂಬಿದ ಗುಳ್ಳೆ ಬೆಳೆಯುತ್ತದೆ. ಇದೇ ಫಾಲಿಕಲ್. 5ರಿಂದ 7 ಮಿ.ಮೀ. ಆಗುವ ಹೊತ್ತಿಗೆ ಒಂದು ಒಡೆದು ಅಂಡಾಣು ಹೊರಬರುತ್ತದೆ. ಜೊತೆಗೆ ಬೆಳೆದ ಉಳಿದವು ಅಲ್ಲೇ ಬಾಡಿ ಹೋಗುತ್ತವೆ.

ಆ ನೀರು ಬರೀ ನೀರಲ್ಲ. ರಕ್ತದಿಂದ ಸೋಸಿ ಬಂದ ಆಲ್ಬುಮಿನ್, ಕಬ್ಬಿಣ ಸಾಗಿಸುವ ಟ್ರಾನ್ಸ್‌ಫೆರಿನ್ ಮುಂತಾದ ಪ್ರೋಟೀನ್‌ಗಳು ಅದರಲ್ಲಿವೆ. ಗುಳ್ಳೆಯ ಗೋಡೆಯ ಕೋಶಗಳು ತಯಾರಿಸುವ ಇನ್‌ಹಿಬಿನ್ ಕೂಡ ಇದೆ. ಇನ್‌ಹಿಬಿನ್ ರಕ್ತಕ್ಕೆ ಸೇರಿ, ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಗೆ "ಸಾಕು" ಅನ್ನುತ್ತದೆ. ಗುಳ್ಳೆ ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನ್ ಇಳಿಯುತ್ತದೆ, ಸಣ್ಣ ಗುಳ್ಳೆಗಳು ಸೋಲುತ್ತವೆ. ಬಹಳಷ್ಟು ಕುರಿಗಳು ಒಂದೇ ಮರಿ ಹಾಕುವುದರ ಹಿಂದೆ ಇರುವುದು ಈ ಬ್ರೇಕ್.

ತಳಿಯ ಗುಟ್ಟು

ಬಂಗಾಳದ ಸುಂದರಬನದ ಗ್ಯಾರೋಲ್ ಎಂಬ ಪುಟ್ಟ ಕುರಿಯಲ್ಲಿ ಫೆಕ್-ಬಿ ಎಂಬ ಜೀನ್ ಇದೆ. ಈ ಜೀನ್ ಇದ್ದರೆ ಗುಳ್ಳೆಗಳು ಸಣ್ಣ ಗಾತ್ರದಲ್ಲೇ ಪಕ್ವವಾಗುತ್ತವೆ, ಹಾಗಾಗಿ ಒಂದರ ಬದಲು ಎರಡು, ಮೂರು ಅಂಡಾಣು ಹೊರಬರುತ್ತವೆ. ಮಹಾರಾಷ್ಟ್ರದ ಫಲ್ಟಣ್‌ನಲ್ಲಿರುವ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ಇದನ್ನು ದಖ್ಖನಿ ಕುರಿಗೆ ಸೇರಿಸಿ ನಾರಿ ಸುವರ್ಣ ತಳಿ ರೂಪಿಸಿತು. ಕರ್ನಾಟಕದ ಕುರಿಗಾಹಿಗಳಿಗೂ ಅದು ಬಂದಿದೆ.

ಆದರೆ ಜೀನ್ ಕಣ್ಣಿಗೆ ಕಾಣುವುದಿಲ್ಲ. ಟಗರಿನ ಕಿವಿ, ಬಣ್ಣ ನೋಡಿ ಹೇಳಲಾಗದು. ಡಿಎನ್‌ಎ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ. "ಎರಡು ಮರಿ ಗ್ಯಾರಂಟಿ" ಅಂತ ಹೆಚ್ಚು ದುಡ್ಡು ಕೇಳುವವರ ಹತ್ತಿರ ಆ ರಿಪೋರ್ಟ್ ಕೇಳುವುದರಲ್ಲಿ ತಪ್ಪಿಲ್ಲ.

ಮೇವೂ ಅಲ್ಲಿಗೇ ತಲುಪುತ್ತದೆ

ಕುರಿ ತಿಂದದ್ದು ರಕ್ತಕ್ಕೆ, ರಕ್ತದಿಂದ ಈ ನೀರಿಗೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿಗಳು ಕುರಿಯ ಅಂಡಾಣುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದ್ದಾರೆ. ಅಮೋನಿಯಾ ಹೆಚ್ಚಾದರೆ ಅಂಡಾಣುವಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ ಅನ್ನುವುದು ಅಲ್ಲಿ ಕಂಡ ಸಂಗತಿ. ಅಂದರೆ ಯೂರಿಯಾ ಬೆರೆಸಿದ ಮೇವನ್ನು ಅಳತೆ ತಪ್ಪಿ ಕೊಟ್ಟರೆ ನಷ್ಟ ಗರ್ಭ ಕಟ್ಟುವ ಮೊದಲೇ ಶುರುವಾಗಬಹುದು.

ಇಂಥ ಸಂಶೋಧನೆಗೆ ಬೇಕಾದ ಅಂಡಾಶಯ ಬರುವುದು ಕಸಾಯಿಖಾನೆಯಿಂದ. ಅಂಗಡಿಯವರು ತ್ಯಾಜ್ಯ ಅಂತ ಎಸೆಯುವ ಆ ಪುಟ್ಟ ಭಾಗವನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ಒಯ್ದು, ಸೂಜಿಯಿಂದ ಅಂಡಾಣು ತೆಗೆದು, ಸುಮಾರು 24 ಗಂಟೆ ಇನ್‌ಕ್ಯುಬೇಟರ್‌ನಲ್ಲಿ ಮಾಗಿಸುತ್ತಾರೆ. ಆದರೆ ಹೀಗೆ ಮಾಗಿದ್ದೆಲ್ಲ ಭ್ರೂಣವಾಗುವುದಿಲ್ಲ. ಗುಳ್ಳೆಯೊಳಗಿನ ಸರಿಯಾದ ಪ್ರೋಟೀನ್ ಹದ ಪ್ರಯೋಗಾಲಯಕ್ಕೆ ಇನ್ನೂ ಪೂರ್ತಿ ಸಿಕ್ಕಿಲ್ಲ.

ಇಲ್ಲಿಯವರಿಗೆ ಏನು?

ಟೆಸ್ಟ್‌ಟ್ಯೂಬ್ ಕುರಿಮರಿ ಬೆಳ್ತಂಗಡಿಯ ಕೊಟ್ಟಿಗೆಗೆ ಸದ್ಯಕ್ಕೆ ಬರುವ ಮಾತಲ್ಲ. ಈಗಲೇ ಮಾಡಬಹುದಾದದ್ದು ಬೇರೆ ಇದೆ. ಟಗರು ಬಿಡುವ ಎರಡು, ಮೂರು ವಾರ ಮೊದಲೇ ಬಡಕಲು ಕುರಿಗೆ ಕಾಳು, ಹಿಂಡಿ ಸ್ವಲ್ಪ ಜಾಸ್ತಿ ಕೊಟ್ಟರೆ ಹೊರಬರುವ ಅಂಡಾಣುಗಳ ಸಂಖ್ಯೆ ಹೆಚ್ಚಬಹುದು. ಕೊಬ್ಬಿದ ಕುರಿಗೆ ಇದರಿಂದ ಅಷ್ಟು ಲಾಭವಿಲ್ಲ. ಆಡು ಸಾಕುವವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ.

ಇನ್ನೊಂದು ಲೆಕ್ಕ ತಿಂಗಳಿನದ್ದು. ಕುರಿಯ ಗರ್ಭ ಸುಮಾರು 5 ತಿಂಗಳು. ಜನವರಿ, ಫೆಬ್ರವರಿಯಲ್ಲಿ ಟಗರು ಬಿಟ್ಟರೆ ಮರಿ ಬೀಳುವುದು ಜೂನ್, ಜುಲೈ ಜಡಿಮಳೆಗೆ. ಆಗ ಗೊರಸು ಕೊಳೆ, ಜಂತುಹುಳು, ಶೀತ ಎಲ್ಲ ಒಟ್ಟಿಗೆ. ತಾಯಿಗೆ ಒಂದು ಮರಿಗಾಗುವಷ್ಟೇ ಹಾಲಿದ್ದರೆ ಎರಡನೆಯದು ಉಳಿಯುವುದು ಕಷ್ಟ. ನೆಲದಿಂದ ಎತ್ತರಿಸಿದ, ಒಣಗಿದ ಕೊಟ್ಟಿಗೆ ಇಲ್ಲದೆ ಎರಡು ಮರಿಯ ತಳಿ ತಂದರೆ ಲಾಭದ ಬದಲು ಸಾವಿನ ಲೆಕ್ಕವೇ ಜಾಸ್ತಿಯಾದೀತು.

ಎಷ್ಟು ಅಂಡಾಣು ಹೊರಬರಬೇಕು ಅನ್ನುವುದನ್ನು ಜೀನ್, ಮೇವು ತೀರ್ಮಾನಿಸಬಹುದು. ಎಷ್ಟು ಮರಿ ಸಂತೆಗೆ ಹೋಗುತ್ತವೆ ಅನ್ನುವುದು ನಮ್ಮ ಊರಿನ ಮಳೆ ಮತ್ತು ಕೊಟ್ಟಿಗೆಯ ಮೇಲೆ. ಸಾಲ ಮಾಡಿ ಶೆಡ್ ಹಾಕುವ ಮೊದಲು ಹತ್ತಿರದ ಪಶು ಆಸ್ಪತ್ರೆಯ ವೈದ್ಯರಲ್ಲಿ ಈ ಎರಡನ್ನೂ ಕೇಳಿಕೊಂಡು ಹೆಜ್ಜೆ ಇಡುವುದು ಒಳ್ಳೆಯದು.