ಹಾಡನ್ನು ದಾಟಿಸಬೇಡಿ



ಮೊನ್ನೆ ಸಂಜೆ ಹಲಸೂರಿನ ನಮ್ಮ ಮನೆಯಲ್ಲಿ 1955ರ ‘ಮಹಾಕವಿ ಕಾಳಿದಾಸ’ ಚಿತ್ರವನ್ನು ನೋಡುತ್ತಿದ್ದೆ. ಹೊನ್ನಪ್ಪ ಭಾಗವತರು ಹಾಡಲಾರಂಭಿಸಿದ ಕೂಡಲೇ ಪಕ್ಕದಲ್ಲಿದ್ದ ಮೊಮ್ಮಗ, “ತಾತ, ಹಾಡು ಬಂತು, ಮುಂದಕ್ಕೆ ಓಡಿಸಲಾ?” ಎಂದ. ಬೇಡವೆಂದೆ. ಏಕೆ ಬೇಡವೆಂಬುದನ್ನು ಆಗ ಸರಿಯಾಗಿ ವಿವರಿಸಲಾಗಲಿಲ್ಲ, ಇಲ್ಲಿ ಯತ್ನಿಸುತ್ತೇನೆ.

ನೆಲಮಂಗಲ ತಾಲ್ಲೂಕಿನ ಚೌಡಸಂದ್ರದಲ್ಲಿ 1915ರಲ್ಲಿ ಜನಿಸಿದ ಭಾಗವತರು ಶಾಸ್ತ್ರೀಯ ಸಂಗೀತವನ್ನು ಕಲಿತು, ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಕಂಪನಿ ನಾಟಕದ ಗಾಯಕನಿಗೆ ಒಂದೇ ಬಗೆಯ ಹಾಡು ಸಾಲುತ್ತಿರಲಿಲ್ಲ. ಕಂದ, ವೃತ್ತ, ಕೀರ್ತನೆಯ ಧಾಟಿ, ಹಿಂದೂಸ್ತಾನಿ ಮಟ್ಟು ಎಲ್ಲವೂ ಒಂದೇ ರಾತ್ರಿಯಲ್ಲಿ ಬರಬೇಕು. ಕೊನೆಯ ಸಾಲಿನವನಿಗೂ ಕೇಳಬೇಕು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ಸತ್ತುಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಬೇಕು!

1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರರ ಪಾತ್ರಕ್ಕೆ ಸಿ.ಎಸ್. ಜಯರಾಮನ್ ಕಂಠ ನೀಡಿದ್ದರು. ಹಿನ್ನೆಲೆ ಗಾಯನ ನೆಲೆಯೂರುತ್ತಿದ್ದ ಕಾಲವದು. ಅದರಲ್ಲಿ ದೋಷವೇನಿಲ್ಲ, ಆ ಪದ್ಧತಿಯಿಂದಲೇ ನಮಗೆ ಪಿ.ಬಿ. ಶ್ರೀನಿವಾಸರು ದೊರೆತರು. ಆದರೆ ಮರುವರ್ಷ ಭಾಗವತರು ‘ಕಾಳಿದಾಸ’ವನ್ನು ತಾವೇ ನಿರ್ಮಿಸಿ, ನಟಿಸಿ, ಹಾಡಿದರು. ಅಲ್ಲಿ ಕಂಠವೂ ಮುಖವೂ ಒಬ್ಬರದೇ. ಗ್ರಾಮಫೋನ್ ತಟ್ಟೆ ಕಂಠವನ್ನಷ್ಟೇ ಕಾಪಾಡುತ್ತದೆ. ಹಾಡುವಾಗ ಕೈ ಹೇಗೆ ಎದ್ದಿತು, ಹುಬ್ಬು ಎಲ್ಲಿ ಗಂಟಿಕ್ಕಿತು ಎಂಬುದನ್ನು ಉಳಿಸಿಕೊಟ್ಟದ್ದು ಚಿತ್ರಸುರುಳಿ. ಆದುದರಿಂದ ಇಂತಹ ಚಿತ್ರಗಳಲ್ಲಿ ಹಾಡು ಕಥೆಗೆ ಅಡ್ಡಿಯಲ್ಲ, ಹಾಡೇ ಆಸ್ತಿ ಎಂಬುದು ನನ್ನ ಅಭಿಪ್ರಾಯ.

ಆ ಆಸ್ತಿಯಲ್ಲಿ ಬಹುಪಾಲನ್ನು ಈಗಾಗಲೇ ಕಳೆದುಕೊಂಡಿದ್ದೇವೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ, ಆರ್. ನಾಗೇಂದ್ರರಾಯರು ಅಭಿನಯಿಸಿದ್ದ ಅದರ ಪ್ರತಿ ಇಂದು ಲಭ್ಯವಿಲ್ಲ. ಆ ಕಾಲದ ನೈಟ್ರೇಟ್ ಸುರುಳಿ ಬೇಗ ಹೊತ್ತಿಕೊಳ್ಳುವಂಥದ್ದು, ಇಟ್ಟಲ್ಲೇ ಕೊಳೆಯುವಂಥದ್ದು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದೇ 1964ರಲ್ಲಿ, ಎಂದರೆ 30 ವರ್ಷಗಳ ಅನಂತರ.

ದಂಡಿನ ಕಡೆಯವರಾದ ನಾವು ಚಿತ್ರಮಂದಿರಗಳು ಮರೆಯಾಗುವುದನ್ನು ಕಂಡಿದ್ದೇವೆ. ಹಲಸೂರಿನ ಲಿಡೊ ಇದ್ದಲ್ಲಿ ಮಾಲ್ ಬಂದಿತು. ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ ಮೆಟ್ರೊಗೆ ಎಡೆಮಾಡಿಕೊಟ್ಟಿತು. ಕಟ್ಟಡವನ್ನು ಮತ್ತೆ ಕಟ್ಟಬಹುದು. ಹಾಡುತ್ತಿದ್ದ ಮುಖವನ್ನು ಮತ್ತೆ ತರಲಾಗದು. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಸುರುಳಿಯೋ ತಟ್ಟೆಯೋ ಇದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ. ತಿಳಿದವರಿಗೆ ತೋರಿಸಿ, ಸಂಗ್ರಹಾಲಯಕ್ಕೆ ಬರೆಯಿರಿ.

ಮೊಮ್ಮಗ ಅಂದು ಹಾಡನ್ನು ಪೂರ್ತಿ ಕೇಳಿದ. ಚೆನ್ನಾಗಿದೆ ಎನ್ನಲಿಲ್ಲ. “ಇವರೇ ಹಾಡಿದ್ದಾ, ತಾತ?” ಎಂದು ಮಾತ್ರ ಕೇಳಿದ. ನನಗೆ ಅಷ್ಟು ಸಾಕೆನಿಸಿತು.