ಬಡ್ತಿಯ ತಕ್ಕಡಿಯಲ್ಲಿ ಊರ ಬಾವಿ

ಮೊದಲಿಗೆ ಒಂದು ತಪ್ಪೊಪ್ಪಿಗೆ. 2012ರಲ್ಲಿ ವಿದರ್ಭದ ಕಾಲೇಜೊಂದರ ಬಡ್ತಿ ಸಮಿತಿಯಲ್ಲಿ ನಾನು ವಿಷಯತಜ್ಞನಾಗಿ ಕುಳಿತಿದ್ದೆ. ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರ ಕಡತ ನಮ್ಮ ಮುಂದೆ ಬಂದಿತು. ಅವರು ಏಳು ವರ್ಷಗಳ ಕಾಲ ವಿದ್ಯಾರ್ಥಿಗಳೊಡನೆ ಸುತ್ತಲಿನ ಹಳ್ಳಿಗಳ ಬಾವಿ, ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ, ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿ ಫ್ಲೋರೈಡ್ ಎಲ್ಲೆಲ್ಲಿದೆಯೆಂದು ಗುರುತಿಸಿ, ಮರಾಠಿಯಲ್ಲಿ ವರದಿ ಬರೆದು ಗ್ರಾಮ ಪಂಚಾಯತಿಗಳಿಗೆ ಒಪ್ಪಿಸಿದ್ದರು. ನಿಯತಕಾಲಿಕಗಳಲ್ಲಿ ಪ್ರಕಟವಾದ ಲೇಖನಗಳು ಮಾತ್ರ ಸಾಲದಾಗಿದ್ದವು. ಸಂಶೋಧನೆಯ ಕಾಲಮಿನಲ್ಲಿ ಆ ವರದಿಗಳಿಗೆ ಜಾಗವಿರಲಿಲ್ಲ. ನಿಯಮ ನಿಯಮವೇ ಎಂದು ನಾನೂ ರುಜು ಹಾಕಿದೆ. ಮುಂದಿನ ವರ್ಷದಿಂದ ಅವರು ಹಳ್ಳಿಗೆ ಹೋಗುವುದನ್ನು ನಿಲ್ಲಿಸಿ ವಿಚಾರಸಂಕಿರಣಗಳಿಗೆ ಹೋಗತೊಡಗಿದರೆಂದು ಆಮೇಲೆ ತಿಳಿಯಿತು. ಬಡ್ತಿಯೂ ದೊರೆಯಿತಂತೆ. ಆ ಬಾವಿಗಳ ನೀರನ್ನು ಈಗ ಯಾರು ಪರೀಕ್ಷಿಸುತ್ತಿದ್ದಾರೋ!

ನಿವೃತ್ತನಾಗಿ ಪ್ರತಾಪ ನಗರದ ಮನೆಯಲ್ಲಿ ಕುಳಿತು ಯೋಚಿಸುವಾಗ, ಆ ದಿನ ಸೋತದ್ದು ಅಧ್ಯಾಪಕರಲ್ಲ, ನಮ್ಮ ತಕ್ಕಡಿ ಎಂದೇ ನನಗೆ ಅನ್ನಿಸುತ್ತದೆ.

ಆ ತಕ್ಕಡಿಯ ಸ್ವರೂಪವನ್ನು ನೋಡಿ. ಯುಜಿಸಿಯ 2010ರ ನಿಯಮಾವಳಿಯು ಅಧ್ಯಾಪಕನ ದುಡಿಮೆಯನ್ನು ಮೂರು ವರ್ಗಗಳಲ್ಲಿ ಅಂಕಗಳಾಗಿ ಎಣಿಸಿತು. ಎನ್ನೆಸ್ಸೆಸ್, ಎನ್ಸಿಸಿ ಸೇರಿದಂತೆ ವಿಸ್ತರಣ ಹಾಗೂ ಕ್ಷೇತ್ರಕಾರ್ಯಗಳಿಗೆಲ್ಲ ಒಟ್ಟಾಗಿ ಗರಿಷ್ಠ 20 ಅಂಕ. ವಿದೇಶಿ ಖ್ಯಾತಿಯ ಪ್ರಕಾಶಕರ ಒಂದು ಗ್ರಂಥಕ್ಕೆ 50, ಸ್ಥಳೀಯ ಪ್ರಕಾಶಕರ ಗ್ರಂಥಕ್ಕೆ 15, ಅದೂ ಐಎಸ್‌ಬಿಎನ್ ಸಂಖ್ಯೆಯಿದ್ದರೆ. 2018ರ ನಿಯಮಾವಳಿ ಈ ಪದ್ಧತಿಯನ್ನು ಬದಲಿಸಿತಾದರೂ, ಸಮುದಾಯ ಸೇವೆಯನ್ನು ಪರೀಕ್ಷಾ ಕಾರ್ಯ, ಆಡಳಿತದ ಹೊಣೆ ಮೊದಲಾದ ಚಟುವಟಿಕೆಗಳ ಸಾಲಿನಲ್ಲಿ ಒಂದಾಗಿ ಇರಿಸಿತು. ಕೆಲವು ಚಟುವಟಿಕೆಗಳಲ್ಲಿ ತೊಡಗಿದ್ದರೆ ಸಾಕು, ‘ಉತ್ತಮ’ ಎಂಬ ಷರಾ ದೊರೆಯುತ್ತದೆ. ಒಂದು ದಿನದ ಶ್ರಮದಾನಕ್ಕೂ ಏಳು ವರ್ಷದ ಬಾವಿಯ ಕೆಲಸಕ್ಕೂ ಅಲ್ಲಿ ಭೇದವಿಲ್ಲ.

ವಿಪರ್ಯಾಸವೆಂದರೆ, ವಿಸ್ತರಣೆಯು ವಿಶ್ವವಿದ್ಯಾನಿಲಯದ ಮೂರನೆಯ ಹೊಣೆ, ಅದಕ್ಕೆ ಬೋಧನೆ ಮತ್ತು ಸಂಶೋಧನೆಗಳಷ್ಟೇ ಸ್ಥಾನವಿರಬೇಕು ಎಂದು 1977ರಲ್ಲೇ ಸಾರಿದ್ದು ಇದೇ ಯುಜಿಸಿ. ಅಮೆರಿಕದಲ್ಲಿ ಅರ್ನೆಸ್ಟ್ ಬಾಯರ್ ಅವರು, ಜ್ಞಾನವನ್ನು ಬದುಕಿನ ಸಮಸ್ಯೆಗಳಿಗೆ ಅನ್ವಯಿಸುವುದೂ ಪಾಂಡಿತ್ಯವೇ ಎಂದು ವಾದಿಸಿ ಅಲ್ಲಿಯ ಬಡ್ತಿಯ ಚರ್ಚೆಗೆ ಹೊಸ ತಿರುವು ಕೊಟ್ಟದ್ದು 1990ರಲ್ಲಿ. ನಾವು ಹದಿಮೂರು ವರ್ಷ ಮುಂಚೆಯೇ ಹೇಳಿದ್ದೆವು. ಹೇಳಿ ಮರೆತೆವು.

ಹೊರನಾಡಿನಲ್ಲಿರುವ ನಮಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಆಧುನಿಕ ಕನ್ನಡ ಬೆಳೆದುಬಂದ ದಾರಿಯಲ್ಲಿ ಇಂಥ ಲೆಕ್ಕಕ್ಕೆ ಸಿಗದ ದುಡಿಮೆಯ ಪಾಲು ದೊಡ್ಡದು. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿ, ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಸಾಧ್ಯವೆಂದು ತೋರಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ಅಧ್ಯಾಪಕರನ್ನು ಊರೂರಿಗೆ ಕಳಿಸಿ, ಅವರ ಉಪನ್ಯಾಸಗಳನ್ನು ಅಗ್ಗದ ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸಿ ಜನರ ಕೈಗಿತ್ತಿತು. ನಮ್ಮಂತೆಯೇ ಹೊರನಾಡಿಗರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದುಕೊಂಡೇ ಕಾಡಿನ ಗಿಡಮರಗಳನ್ನು ಸಾಮಾನ್ಯ ಓದುಗನ ಮನೆಯಂಗಳಕ್ಕೆ ತಂದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ 2010ರ ತಕ್ಕಡಿಗೆ ಬಂದಿದ್ದರೆ, ‘ಸ್ಥಳೀಯ ಪ್ರಕಾಶಕ’ ಎಂಬ ಸಾಲಿನಲ್ಲಿ ನಿಂತು 15 ಅಂಕಕ್ಕಾಗಿ ಕೈಚಾಚಬೇಕಿತ್ತು. ತಾಯ್ನುಡಿಯಲ್ಲಿ ಜನರಿಗಾಗಿ ಬರೆಯುವುದನ್ನು ಕೀಳೆಂದು ಎಣಿಸುವ ವ್ಯವಸ್ಥೆಯಲ್ಲಿ, ಮರಾಠಿಯ ಆ ವರದಿಗೂ ಕನ್ನಡದ ಈ ಗ್ರಂಥಕ್ಕೂ ಒಂದೇ ಗತಿ.

ಇದಕ್ಕೆ ಎರಡು ಆಕ್ಷೇಪಗಳುಂಟು. ಪ್ರತಿಫಲ ಬಯಸಿ ಮಾಡಿದ್ದು ಸೇವೆಯೆನಿಸೀತೇ ಎಂಬುದು ಮೊದಲನೆಯದು. ಬೋಧನೆಗೆ ಸಂಬಳ ಪಡೆಯುವುದರಿಂದ ಗುರುವಿನ ಘನತೆ ಕುಂದಲಿಲ್ಲವಷ್ಟೆ? ಹಳ್ಳಿಗೆ ಹೋದ ಭಾನುವಾರಗಳು ಅವನು ಲೇಖನ ಬರೆಯಬಹುದಾಗಿದ್ದ ಭಾನುವಾರಗಳೂ ಹೌದು. ಆ ಕಾಲಕ್ಕೆ ಬೆಲೆಯಿಲ್ಲವೆನ್ನುವುದು ಮನೆಯಲ್ಲೇ ಕುಳಿತವನಿಗೆ ಬಹುಮಾನ ಕೊಟ್ಟಂತೆ. ಎರಡನೆಯ ಆಕ್ಷೇಪ ತೂಕದ್ದು. ಇದಕ್ಕೂ ಅಂಕ ನಿಗದಿಮಾಡಿದರೆ ಛಾಯಾಚಿತ್ರ, ಪ್ರಮಾಣಪತ್ರಗಳ ಸಂತೆ ನೆರೆಯುತ್ತದೆ. ಪೊರಕೆ ಹಿಡಿದು ಚಿತ್ರ ತೆಗೆಸಿಕೊಂಡವನೇ ಸಮಾಜಸೇವಕನಾಗುತ್ತಾನೆ. ಹಣ ತೆತ್ತರೆ ಲೇಖನ ಅಚ್ಚುಹಾಕುವ ನಿಯತಕಾಲಿಕಗಳು ಅಂಕಗಳ ಕಾಲದಲ್ಲಿ ಅಣಬೆಯಂತೆ ಎದ್ದದ್ದನ್ನು ಕಂಡವರಿಗೆ ಈ ಭಯ ಸಹಜವೇ.

ಆದುದರಿಂದಲೇ ನಾನು ಕೇಳುವುದು ಹೆಚ್ಚು ಅಂಕಗಳನ್ನಲ್ಲ, ತೀರ್ಪನ್ನು. ಅಧ್ಯಾಪಕನು ತನ್ನ ಒಂದೆರಡು ಕೆಲಸಗಳನ್ನಷ್ಟೇ ಮುಂದಿಡಲಿ. ಪ್ರಶ್ನೆ ಏನಿತ್ತು, ಯಾವ ಕ್ರಮದಿಂದ ದುಡಿದೆ, ಏನು ತಿಳಿಯಿತು, ಎಲ್ಲಿ ಸೋತೆ ಎಂದು ಬರೆಯಲಿ. ಅದು ಯಾವ ಭಾಷೆಯಲ್ಲಿದೆಯೋ ಆ ಭಾಷೆ ಬಲ್ಲ ವಿದ್ವಾಂಸರು ಓದಿ ಅಭಿಪ್ರಾಯ ಕೊಡಲಿ. ಯಾರಿಗಾಗಿ ಕೆಲಸ ನಡೆಯಿತೋ ಆ ಊರಿನವರ ಮಾತನ್ನೂ ಸಮಿತಿ ಕೇಳಲಿ. ಎರಡು-ಮೂರು ವರ್ಷಗಳಾದರೂ ನಡೆದುಬಂದದ್ದಕ್ಕೆ ಮಾತ್ರ ಮನ್ನಣೆಯಿರಲಿ. ಛಾಯಾಚಿತ್ರ ಬೇಡ.

2025ರ ಜನವರಿಯಲ್ಲಿ ಯುಜಿಸಿ ಹೊರತಂದ ಕರಡು ನಿಯಮಾವಳಿಯು ಎಣಿಸಿದ ಒಂಬತ್ತು ವಿಶಿಷ್ಟ ಕೊಡುಗೆಗಳಲ್ಲಿ ಸಮುದಾಯ ಸೇವೆಯೂ ಇದೆ, ಭಾರತೀಯ ಭಾಷೆಗಳಲ್ಲಿ ಬೋಧನೆಯೂ ಇದೆ. ಕುಲಪತಿಗಳ ನೇಮಕದ ಅಧಿಕಾರ ಯಾರದೆಂಬ ವಾಗ್ವಾದದಲ್ಲಿ ಈ ಅಂಶ ಯಾರ ಕಣ್ಣಿಗೂ ಬೀಳಲಿಲ್ಲ. ರಾಜ್ಯಗಳ ಆಕ್ಷೇಪ ನ್ಯಾಯವೇ ಇರಬಹುದು. ಆದರೆ ಜೊಳ್ಳಿನೊಡನೆ ಕಾಳನ್ನೂ ತೂರಬಾರದು. ತೂಗುವ ಬಗೆಯನ್ನು ಹೇಳದೆ ಬರಿಯ ಹೆಸರು ಸೇರಿಸಿದರೂ ಪ್ರಯೋಜನವಿಲ್ಲ.

ಮಾದರಿಗೆ ನಾವು ದೂರ ಹೋಗಬೇಕಾಗಿಲ್ಲ. ನಾಗಪುರಕ್ಕೆ ಸಮೀಪದ ಸೇವಾಗ್ರಾಮದಲ್ಲಿ 1969ರಲ್ಲಿ ಡಾ. ಸುಶೀಲಾ ನಯ್ಯರ್ ಸ್ಥಾಪಿಸಿದ ವೈದ್ಯಕೀಯ ಸಂಸ್ಥೆಯಲ್ಲಿ ವಿದ್ಯಾರ್ಥಿಗಳ ಪ್ರತಿ ತಂಡವೂ ಒಂದೊಂದು ಹಳ್ಳಿಯನ್ನು ದತ್ತು ಪಡೆದು ಅಲ್ಲಿ ತಂಗಿ ಕಲಿಯುತ್ತದೆ. ಅಲ್ಲಿ ಹಳ್ಳಿಯೂ ಪಾಠದ ಅಂಗ. 1923ರಲ್ಲಿ ಸ್ಥಾಪನೆಗೊಂಡ ನಾಗಪುರ ವಿಶ್ವವಿದ್ಯಾನಿಲಯವಂತೂ 2005ರಿಂದ ರಾಷ್ಟ್ರಸಂತ ತುಕಡೋಜಿ ಮಹಾರಾಜರ ಹೆಸರನ್ನು ಹೊತ್ತಿದೆ. ಹೆಚ್ಚು ಶಾಲೆ ಕಲಿಯದೆ, ಖಂಜರಿ ಬಾರಿಸುತ್ತ ಊರೂರು ತಿರುಗಿ, ಗ್ರಾಮೋದ್ಧಾರವನ್ನು ಜನರ ನುಡಿಯಲ್ಲೇ ಬೋಧಿಸಿದವರು ಅವರು. ಅವರ ಹೆಸರನ್ನು ಹೆಬ್ಬಾಗಿಲಿನ ಮೇಲೆ ಕೆತ್ತಿದ ನಾಡಿನಲ್ಲಿ, ಅವರ ದಾರಿ ಹಿಡಿದ ಅಧ್ಯಾಪಕನಿಗೆ ಒಳಗೆ ಮಣೆಯಿಲ್ಲವೆಂದರೆ ಹೇಗೆ?

ನಮ್ಮ ಸಂಘಗಳ ಸದಸ್ಯರಲ್ಲಿ ಅಧ್ಯಾಪಕರಿದ್ದಾರೆ. ನಾನಾ ರಾಜ್ಯಗಳ ವಿದ್ಯಾಸಂಸ್ಥೆಗಳ ಸಮಿತಿಗಳಲ್ಲಿ ಕುಳಿತವರೂ ಇದ್ದಾರೆ. ಅವರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಬಾರಿ ಇಂಥ ಕಡತ ಎದುರಿಗೆ ಬಂದಾಗ ರುಜು ಹಾಕುವ ಮುನ್ನ ಆ ವರದಿಯನ್ನೊಮ್ಮೆ ತೆರೆದು ಓದಿ, ಅಭಿಪ್ರಾಯವನ್ನು ಬರಹದಲ್ಲಿ ದಾಖಲಿಸಿ. ನಿಯಮ ಅದನ್ನು ತಡೆಯುವುದಿಲ್ಲ. 2012ರಲ್ಲಿ ನನ್ನನ್ನೂ ತಡೆದಿರಲಿಲ್ಲ.