ಪುರಾವೆ ಅಂಗಡಿಯವರ ಕೈಯಲ್ಲಿರಲಿ

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಬಾಂಬೆ ಮಿಠಾಯಿ ಮಾರುವುದನ್ನೂ ನಿಷೇಧಿಸಿತು. ಅದಕ್ಕೆ ಮುಂಚೆ ರಾಜ್ಯದಲ್ಲಿ ಸಂಗ್ರಹಿಸಿದ್ದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಪತ್ತೆಯಾಗಿತ್ತು. ಆಗ ಎಲ್ಲರ ಬಾಯಲ್ಲಿದ್ದ ರೋಡಮಿನ್-ಬಿ ಮೂಲತಃ ಬಟ್ಟೆಗೆ ಹಾಕುವ ಬಣ್ಣ. ಆದೇಶ ಮೀರಿದರೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ ಎಂಬ ಎಚ್ಚರಿಕೆಯೂ ಬಂತು. ತಿನ್ನುವವರ ಕಡೆಯಿಂದ ನೋಡಿದರೆ ಇದು ಆಗಬೇಕಾಗಿದ್ದ ಕೆಲಸವೇ. ಆದರೆ ಬಣ್ಣ ತಯಾರಿಸಿದವರು ಒಬ್ಬರು, ಪೊಟ್ಟಣ ಕಟ್ಟಿ ಮಾರಿದವರು ಇನ್ನೊಬ್ಬರು. ಸಿಕ್ಕಿಬೀಳುವವರು ಮಾತ್ರ ಕೊನೆಯಲ್ಲಿ ಬಾಣಲೆ ಮುಂದೆ ನಿಂತವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಕ್ರಮದಿಂದ ಆಹಾರ ಎಷ್ಟು ದಿನ ಶುದ್ಧವಾಗಿರುತ್ತದೆ?

ಗಾಡಿಯವರು ಪೂರ್ತಿ ನಿರಪರಾಧಿಗಳು ಎಂದು ಇಲ್ಲಿ ವಾದಿಸುತ್ತಿಲ್ಲ. ಕೆಂಪಗಿದ್ದರೆ ಹೆಚ್ಚು ಖರ್ಚಾಗುತ್ತದೆ ಎಂಬುದು ಅವರಿಗೆ ಗೊತ್ತು. ಆದರೆ ಆ ಕೆಂಪು ಯಾವುದು, ಎಷ್ಟು ಹಾಕಿದರೆ ಅಪಾಯ ಎಂದು ತಿಳಿಯುವ ಸಾಧನ ಅವರ ಬಳಿ ಇಲ್ಲ. ಕಾನೂನು ಮಾತ್ರ ಎಲ್ಲರೂ ತಿಳಿದಿರಬೇಕೆಂದು ಬಯಸುತ್ತದೆ. ದೊಡ್ಡ ಕಾರ್ಖಾನೆ ಒಂದು ಪ್ರಯೋಗಾಲಯ ಇಟ್ಟುಕೊಂಡು ಅದರ ವೆಚ್ಚವನ್ನು ಲಕ್ಷಾಂತರ ಪ್ಯಾಕೆಟ್‌ಗಳ ಮೇಲೆ ಹಂಚಿಬಿಡುತ್ತದೆ. ದಿನಕ್ಕೆ ನೂರು ಪ್ಲೇಟು ಮಾರುವವರು ಅದೇ ವೆಚ್ಚವನ್ನು ಎಲ್ಲಿಗೆ ಹಂಚಬೇಕು? ಹೀಗೆ, ಒಳ್ಳೆಯ ಉದ್ದೇಶದ ಪ್ರತಿ ನಿಯಮವೂ ಸದ್ದಿಲ್ಲದೆ ದೊಡ್ಡವರ ಕಡೆ ವಾಲುತ್ತದೆ. ಈ ವಾಲಿಕೆಯನ್ನು ಸರಿಪಡಿಸಬಲ್ಲವರು ಸಣ್ಣ ಉದ್ಯಮಿಗಳೇ ಎಂದು ನನಗನಿಸುತ್ತದೆ. ಆದರೆ ಅದಕ್ಕೊಂದು ಷರತ್ತಿದೆ: ಅವರು ಮಾರಬೇಕಾದ್ದು ಪುರಾವೆಯನ್ನು, ಮತ್ತು ಆ ಪುರಾವೆಯ ಒಡೆತನ ಅಂಗಡಿಯವರಿಗೇ ಸೇರಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಹಳೆಯದು: ಬೀದಿಯ ಅಂಗಡಿಗೆ ಯಂತ್ರದ ಸಾಕ್ಷಿ ಯಾಕೆ, ಮುಖಪರಿಚಯ ಸಾಲದೆ? ಪರಿಚಯಕ್ಕೆ ಬೆಲೆ ಇದೆ. ದಿನವೂ ಕಾಣುವ ಗಿರಾಕಿಗೆ ಹಳಸಿದ್ದನ್ನು ಬಡಿಸಲು ಯಾರಿಗೂ ಮನಸ್ಸು ಬಾರದು. ಆದರೆ ಅಪಾಯ ಬಡಿಸುವವರ ಕಣ್ಣಿಗೂ ಕಾಣದಿದ್ದಾಗ ಒಳ್ಳೆಯತನ ಏನು ಮಾಡೀತು? ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನವನ್ನು ಗಂಟೆಗಟ್ಟಲೆ ಬೆಚ್ಚಗೆ ಬಿಟ್ಟರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮರುದಿನ ಒಗ್ಗರಣೆಯ ಬಾಣಲೆಯಲ್ಲಿ ಬಿಸಿಯಾದರೂ ಹೋಗುವುದಿಲ್ಲ. ಚಿತ್ರಾನ್ನದ ವಾಸನೆ ಚೆನ್ನಾಗಿಯೇ ಇರುತ್ತದೆ, ಮಾಡಿದವರ ಮನಸ್ಸೂ ಚೆನ್ನಾಗಿಯೇ ಇರುತ್ತದೆ, ತಿಂದವರಿಗೆ ಮಾತ್ರ ವಾಂತಿ. ಇಲ್ಲಿ ಬೇಕಾದ್ದು ಉಪದೇಶವಲ್ಲ, ಕೆಲವೇ ನೂರು ರೂಪಾಯಿಯ ಒಂದು ಥರ್ಮಾಮೀಟರ್. ಬಿಸಿ ಪದಾರ್ಥ 60 ಡಿಗ್ರಿಯ ಮೇಲೆ, ತಣ್ಣಗಿನದು 5 ಡಿಗ್ರಿಯ ಕೆಳಗೆ ಇರಬೇಕೆಂಬ ನಿಯಮ ಅದನ್ನು ಅಳೆಯುವ ಸಾಧನ ಇದ್ದಾಗಷ್ಟೇ ಪಾಲನೆಯಾದೀತು.

ಆಹಾರ ಸುರಕ್ಷತೆಯ ಇಂದಿನ ಚಿಂತನೆ ಹುಟ್ಟಿದ್ದು ತೀರಾ ದೊಡ್ಡವರ ಮನೆಯಲ್ಲಿ. 1960ರ ದಶಕದಲ್ಲಿ ಗಗನಯಾತ್ರಿಗಳ ಊಟ ತಯಾರಿಸುವಾಗ ನಾಸಾ, ಅಮೆರಿಕದ ಸೇನೆಯ ಪ್ರಯೋಗಾಲಯ ಮತ್ತು ಪಿಲ್ಸ್‌ಬರಿ ಕಂಪನಿ ಸೇರಿ ‘ಹ್ಯಾಸಪ್’ ಎಂಬ ಕ್ರಮ ರೂಪಿಸಿದವು. ಸಿದ್ಧವಾದ ಊಟವನ್ನೆಲ್ಲ ಪರೀಕ್ಷಿಸುತ್ತ ಕೂತರೆ ತಿನ್ನಲು ಏನೂ ಉಳಿಯುವುದಿಲ್ಲ. ಆದ್ದರಿಂದ ತಯಾರಿಕೆಯಲ್ಲಿ ಎಲ್ಲೆಲ್ಲಿ ಅಪಾಯ ಹೊಕ್ಕೀತೋ ಆ ಕೆಲವೇ ಜಾಗಗಳಿಗೆ ಕಾವಲು ಹಾಕಬೇಕು ಎಂಬುದು ಅದರ ತಿರುಳು. ಅದರ ಕಡತಗಳು ಕಾರ್ಖಾನೆಗಿರಲಿ, ಈ ತಿರುಳು ಬೀದಿ ಅಂಗಡಿಗೂ ಒಪ್ಪುತ್ತದೆ. ಬೋಂಡಾ ಅಂಗಡಿಯಲ್ಲಿ ಕಾಯಬೇಕಾದ ಜಾಗಗಳು ಮುಖ್ಯವಾಗಿ ನಾಲ್ಕು: ನೀರು, ಎಣ್ಣೆ, ಚಟ್ನಿ ಮತ್ತು ಕೈ.

ಎಣ್ಣೆಯ ವಿಷಯವನ್ನೇ ತೆಗೆದುಕೊಳ್ಳೋಣ. ಕಾದು ಕಾದು ಎಣ್ಣೆ ಒಡೆದಾಗ ‘ಪೋಲಾರ್ ಸಂಯುಕ್ತ’ಗಳು ಹೆಚ್ಚುತ್ತವೆ. ಅವು ಶೇ. 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅದನ್ನು ಕ್ಷಣದಲ್ಲಿ ತೋರಿಸುವ ಮೀಟರ್ ಇದೆ. ಎಣ್ಣೆ ಕೆಟ್ಟಷ್ಟೂ ಅದರ ವಿದ್ಯುತ್ ಗುಣ ಬದಲಾಗುತ್ತದೆ, ಬಿಸಿ ಎಣ್ಣೆಗೆ ಅದ್ದಿದ ಕಡ್ಡಿ ಅದನ್ನು ಅಂಕಿಯಾಗಿ ಹೇಳುತ್ತದೆ. ಆದರೆ ಅದರ ಬೆಲೆ ಬೋಂಡಾ ಅಂಗಡಿಯ ಕೈಗೆಟುಕುವಂಥದಲ್ಲ. ಬಳಸಿದ ಎಣ್ಣೆಯ ಲೆಕ್ಕ ಇಡಬೇಕೆಂಬ ಆದೇಶವೂ ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಖರ್ಚಾಗುವ ಕಡೆಗಷ್ಟೇ ಕಣ್ಣಿಟ್ಟಿತು. ಹಾಗಾಗಿ ಸಣ್ಣ ಅಂಗಡಿ ಮೀಟರಿಗೂ ನಿಲುಕದು, ಲೆಕ್ಕಕ್ಕೂ ಸಿಗದು.

ಉದ್ಯಮಿಯ ಕೆಲಸ ಇರುವುದು ಈ ಸಂದಿಯಲ್ಲೇ. ಒಂದು ಬೀದಿಯ ಮೂವತ್ತು ಅಂಗಡಿಗೆ ಒಂದು ಮೀಟರ್, ದಿನಕ್ಕೊಂದು ಸುತ್ತು, ಕೆಟ್ಟ ಎಣ್ಣೆಗೆ ಬೆಲೆ ಕೊಟ್ಟು ಎತ್ತಿಕೊಂಡು ಬಯೋಡೀಸೆಲ್ ಮಾಡುವವರಿಗೆ ಸಾಗಿಸುವುದು. ಬಳಸಿದ ಎಣ್ಣೆಯನ್ನು ಇಂಧನವಾಗಿಸುವ ‘ರುಕೊ’ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಶುರುಮಾಡಿದೆ. ಎಣ್ಣೆ ಚೆಲ್ಲಿದರೆ ನಷ್ಟ ಎಂಬ ಲೆಕ್ಕ ಆಗ ಬದಲಾಗುತ್ತದೆ. ಹೊಟ್ಟೆಪಾಡಿಗೆ ಅಡ್ಡ ಬಾರದ ಶುಚಿತ್ವ ಮಾತ್ರ ಬಾಳುತ್ತದೆ.

ಇದು ಕನಸಿನ ಮಾತಲ್ಲ ಎನ್ನಲು ನಮ್ಮ ಹಳ್ಳಿಯ ಡೇರಿಯೇ ಸಾಕ್ಷಿ. ಎರಡು ಲೀಟರ್ ಹಾಲು ಹಾಕುವ ಮನೆ ಫ್ಯಾಟ್ ಅಳೆಯುವ ಯಂತ್ರ ಕೊಳ್ಳಲಾರದು. ಆದರೆ ಸಂಘದ ಒಂದೇ ಯಂತ್ರ ಊರಿನವರೆಲ್ಲರ ಹಾಲನ್ನೂ ಅಳೆಯುತ್ತದೆ. ನೀರು ಬೆರೆಸಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಬೆರೆಸದವರಿಗೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ತಕ್ಕ ದರ ಸಿಗುತ್ತದೆ. ಅಳತೆ ಬರೀ ಕಳ್ಳರನ್ನು ಹಿಡಿಯುವ ಕೆಲಸ ಮಾಡಿದ್ದರೆ ಜನ ಡೇರಿಯ ಕಡೆ ತಲೆ ಹಾಕುತ್ತಿರಲಿಲ್ಲ. ಒಳ್ಳೆಯ ಹಾಲಿಗೆ ಒಳ್ಳೆಯ ದುಡ್ಡು ಬಂದದ್ದರಿಂದಲೇ ಅಳತೆ ಊರಿನದಾಯಿತು. ಆ ಯಂತ್ರ ಹಾಲು ಹಾಕುವವರ ಸಂಘದ್ದೇ ಆಗಿತ್ತು ಎಂಬುದನ್ನೂ ಮರೆಯಬಾರದು.

ಉದ್ಯಮಿಗಳೆಲ್ಲ ಸಣ್ಣವರ ಕೈ ಹಿಡಿಯುತ್ತಾರೆಂದು ನಂಬಲಾಗದು. ಬೆಂಗಳೂರಿನ ಐಡಿ ಫ್ರೆಶ್ ಕಥೆ ಇಲ್ಲಿ ಎರಡೂ ಮುಖ ತೋರಿಸುತ್ತದೆ. ಇಡ್ಲಿ ಹಿಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ರಬ್ಬರ್ ಬ್ಯಾಂಡ್ ಕಟ್ಟಿ ಮಾರುವುದನ್ನು ಕಂಡು, ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು 2005ರಲ್ಲಿ ತಿಪ್ಪಸಂದ್ರದ ಪುಟ್ಟ ಅಡುಗೆಮನೆಯೊಂದರಲ್ಲಿ ಹಿಟ್ಟಿನ ಉದ್ಯಮ ಆರಂಭಿಸಿದರು. ಸುತ್ತಲಿನ ಸುಮಾರು ಇಪ್ಪತ್ತು ದಿನಸಿ ಅಂಗಡಿಗಳೇ ಅವರ ಮೊದಲ ಮಾರುಕಟ್ಟೆ. ಸಂರಕ್ಷಕ ಹಾಕದ, ಫ್ರಿಜ್ಜಿನಲ್ಲಿ ಇಡಬೇಕಾದ ಹಿಟ್ಟು ಅಂಗಡಿಯವರಿಗೆ ನಂಬಿ ಮಾರಬಹುದಾದ ಸರಕಾಯಿತು. ಅಲ್ಲಿಗೆ ದಿನಸಿ ಅಂಗಡಿ ಗೆದ್ದಿತು. ಆದರೆ ಚೀಲಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದ ಹಿಟ್ಟಿನವರು ಎಲ್ಲಿ ಹೋಗಬೇಕು? ಇದರಲ್ಲಿ ಕಂಪನಿಯ ತಪ್ಪೇನಿಲ್ಲ. ಅದು ಹೊರಟದ್ದೇ ಒಳ್ಳೆಯ ಹಿಟ್ಟು ಮಾಡಲು. ಆದರೆ ಸುರಕ್ಷಿತ ಸರಕನ್ನು ತಂದುಕೊಡುವುದು ಬೇರೆ, ಸರಕು ಮಾಡುವವರನ್ನೇ ಸುರಕ್ಷಿತವಾಗಿ ಮಾಡಬಲ್ಲವರನ್ನಾಗಿಸುವುದು ಬೇರೆ. ಮೊದಲನೆಯದರಲ್ಲಿ ಅಂಗಡಿಗೆ ಲಾಭಾಂಶ ಉಳಿಯುತ್ತದೆ, ಎರಡನೆಯದರಲ್ಲಿ ಕಸುಬೂ ಉಳಿಯುತ್ತದೆ.

ಇನ್ನೊಂದು ಅಪಾಯ ಅಳತೆಯ ದಾಖಲೆಯದು. ದಿನದಿನದ ಎಣ್ಣೆಯ ಅಂಕಿ, ಫ್ರಿಜ್ಜಿನ ತಾಪಮಾನ ಎಲ್ಲ ಯಾವುದೋ ಕಂಪನಿಯ ಸರ್ವರ್‌ನಲ್ಲಿ ಕೂತರೆ, ನಾಳೆ ಅದೇ ಕಂಪನಿ ಅಂಗಡಿಗೆ ನಕ್ಷತ್ರ ಹಂಚುತ್ತದೆ, ನಕ್ಷತ್ರ ಉಳಿಸಿಕೊಳ್ಳಲು ಬಾಡಿಗೆ ಕೇಳುತ್ತದೆ. ಆಗ ಅಂಗಡಿಯವರಿಗೆ ಇನ್ಸ್‌ಪೆಕ್ಟರ್ ಜೊತೆಗೆ ಇನ್ನೊಬ್ಬ ಯಜಮಾನ ಸೇರಿಕೊಂಡಂತಾಯಿತು, ಅಷ್ಟೆ. ದೊಡ್ಡದೆಂದ ಮಾತ್ರಕ್ಕೆ ಶುಚಿ ಎಂಬ ಭ್ರಮೆಯೂ ಬೇಡ. 2025ರ ಜೂನ್‌ನಲ್ಲಿ ಮುಂಬೈನ ಧಾರಾವಿಯಲ್ಲಿ ನಿಮಿಷಗಳಲ್ಲಿ ಮನೆಗೆ ಸಾಮಾನು ತಲುಪಿಸುವ ಕಂಪನಿಯೊಂದರ ಗೋದಾಮಿನಲ್ಲಿ ಬೂಷ್ಟು ಹಿಡಿದ ಪದಾರ್ಥ ಕಂಡು ಮಹಾರಾಷ್ಟ್ರದ ಅಧಿಕಾರಿಗಳು ಪರವಾನಗಿ ಅಮಾನತು ಮಾಡಿದರು. ಗಾಡಿಯ ಅಡುಗೆ ನಮ್ಮ ಕಣ್ಣೆದುರಿಗಾದರೂ ಇರುತ್ತದೆ. ಗೋದಾಮಿಗೆ ಗಿರಾಕಿಯ ಪ್ರವೇಶವೇ ಇಲ್ಲ.

ಇದೆಲ್ಲ ಸರ್ಕಾರದ ಕೆಲಸ, ಉದ್ಯಮಿಗೇಕೆ ಬಿಡಬೇಕು ಎನ್ನುವವರೂ ಇದ್ದಾರೆ. ಕಲಬೆರಕೆಯ ಬಣ್ಣವನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯುವುದು, ಬೀದಿಗೆ ಶುದ್ಧ ನೀರಿನ ನಲ್ಲಿ ಕೊಡುವುದು ಖಂಡಿತ ಸರ್ಕಾರದ್ದೇ ಹೊಣೆ. ಯಾವ ಮೀಟರೂ ಅದಕ್ಕೆ ಬದಲಿಯಲ್ಲ. ಆದರೆ ಅಧಿಕಾರಿ ವರ್ಷಕ್ಕೊಮ್ಮೆ ಬಂದಾರು, ಎಣ್ಣೆ ಕೆಡುವುದು ದಿನವೂ. 2011ರ ನಿಯಮಾವಳಿ ಹನ್ನೆರಡು ಲಕ್ಷ ರೂಪಾಯಿಯೊಳಗಿನ ವಹಿವಾಟಿನವರಿಗೆ ವರ್ಷಕ್ಕೆ ನೂರು ರೂಪಾಯಿಯ ನೋಂದಣಿ ಸಾಕೆಂದಿತು. ಗೋಡೆಗೆ ತೂಗುಹಾಕಿದ ಆ ಕಾಗದ ಅಂಗಡಿ ಇದೆ ಎಂದು ಹೇಳುತ್ತದೆಯೇ ಹೊರತು ಇವತ್ತಿನ ಎಣ್ಣೆ ಹೇಗಿದೆ ಎಂದಲ್ಲ. ಆ ಉತ್ತರವನ್ನು ದಿನದಿನ ಒದಗಿಸುವ ಸೇವೆಗೆ ನಗರಸಭೆ ಮೀಟರಿನ ಬಂಡವಾಳ ಹಾಕಲಿ, ಉದ್ಯಮಿ ಸುತ್ತು ಹೊಡೆಯಲಿ, ದಾಖಲೆ ಅಂಗಡಿಯವರ ಬಳಿ ಇರಲಿ. ಅದನ್ನು ಗಿರಾಕಿಗೆ ತೋರಿಸುವುದೋ ಬಿಡುವುದೋ ಅವರ ಇಷ್ಟ. ತೋರಿಸುವವರ ಮುಂದೆ ಜನ ಸೇರತೊಡಗಿದರೆ ಪಕ್ಕದವರೂ ತಾವಾಗಿಯೇ ತೋರಿಸುತ್ತಾರೆ; ಅಲ್ಲಿಂದಾಚೆ ನಿಷೇಧದ ಆದೇಶಕ್ಕೆ ಇಷ್ಟೊಂದು ಕೆಲಸ ಇರುವುದಿಲ್ಲ.